ಮುಖದ ಅಳತೆ

ಮೂಟೆ ಬಿಚ್ಚುವ ಕೆಲಸವನ್ನು ಅವಳು ತಾನಾಗಿಯೇ ಕೇಳಿ ವಹಿಸಿಕೊಂಡಿದ್ದಳು. ಉಳಿದವರಿಗೆ ಅದು ಬೇಡದ ಕೆಲಸ. ಲಾಡಿ ಕಿತ್ತುಹೋದ, ನೆರಿಗೆ ಬಿಚ್ಚಿಕೊಂಡ ಮಾಸ್ಕುಗಳನ್ನು ಆಸ್ಪತ್ರೆಯವರು ಕುದಿಸಿ ಒಣಗಿಸಿಯೇ ರಿಪೇರಿಗೆ ಕಳಿಸುತ್ತಾರೆಂದು ಎಲ್ಲರಿಗೂ ಗೊತ್ತು. ಗೊತ್ತಿದ್ದರೂ ಮೂಟೆಯ ಬಾಯಿಂದ ಫಿನಾಯಿಲಿನ ವಾಸನೆ ಎದ್ದೊಡನೆ ಸಮುದಾಯ ಭವನದ ಹೊಲಿಗೆ ಯಂತ್ರಗಳೆಲ್ಲ ಒಂದು ಗಳಿಗೆ ಮೆತ್ತಗಾಗುತ್ತಿದ್ದವು, ಹೆಂಗಸರು ಕುರ್ಚಿಗಳನ್ನು ಗೋಡೆಯ ಕಡೆಗೆ ಎಳೆದುಕೊಳ್ಳುತ್ತಿದ್ದರು. 'ನಿಮ್ಮದು ದೊಡ್ಡ ಮನಸ್ಸು ಕಣ್ರೀ' ಎಂದು ನಿವೃತ್ತ ಪ್ರಿನ್ಸಿಪಾಲರು ಪ್ರತಿ ವಾರವೂ ತಪ್ಪದೆ ಹೇಳುತ್ತಿದ್ದರು. ಆ ಮನಸ್ಸಿನ ಗಾತ್ರ ಎಷ್ಟೆಂದು ಅವಳಿಗೊಬ್ಬಳಿಗೇ ಗೊತ್ತಿತ್ತು. ಮೂಟೆಯನ್ನು ಮೂಲೆಯ ಮೇಜಿನ ಹತ್ತಿರ ಎಳೆದುಕೊಂಡು, ಎಲ್ಲರಿಗೂ ಬೆನ್ನು ಮಾಡಿ ನಿಂತು, ಮಾಸ್ಕುಗಳನ್ನು ಒಂದೊಂದಾಗಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದಳು. ಎಷ್ಟು ಕುದಿಸಿದರೂ ಇಸ್ತ್ರಿ ಕಾಣದ ಬಟ್ಟೆ ಮೂಗಿನ ಉಬ್ಬನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. ಮೇಜಿನ ಮೇಲೆ ಹರಡಿದರೆ ಅಷ್ಟೂ ಮೂಗುಗಳು, ಅಷ್ಟೂ ಗಲ್ಲಗಳು ಮೇಲೆ ನೋಡುತ್ತ ಮಲಗಿಕೊಂಡು, ಯಾರಾದರೂ ಬಂದು ತಮಗೆ ಕಣ್ಣು ಕೊಟ್ಟಾರೇನೋ ಎಂದು ಕಾಯುತ್ತಿರುವಂತೆ ಕಾಣುತ್ತಿದ್ದವು. ಅವಳು ಅವುಗಳ ಕಡೆ ನೋಡದೆ ಹೊಲಿಗೆಯನ್ನಷ್ಟೇ ನೋಡುತ್ತಿದ್ದಳು.

ಮೊದಲ ಸಲ ಅದು ಕಣ್ಣಿಗೆ ಬಿದ್ದದ್ದು ಅಕಸ್ಮಾತ್ತಾಗಿ. ಕಿತ್ತುಹೋದ ಲಾಡಿಯೊಂದನ್ನು ಆಸ್ಪತ್ರೆಯಲ್ಲೇ ಯಾರೋ ಸೂಜಿ ಹಿಡಿದು ಹೊಲಿದಿದ್ದರು. ಸಣ್ಣ ಸಣ್ಣ ಒತ್ತು ಹೊಲಿಗೆ. ಆದರೆ ಎಲ್ಲರ ಕೈಹೊಲಿಗೆ ಯಾವ ಕಡೆ ವಾಲುತ್ತದೋ ಅದಕ್ಕೆ ಎದುರು ಕಡೆಗೆ ವಾಲಿತ್ತು. ಆ ಹೊಲಿಗೆ ಅವಳ ಶಾಲೆಯ ಚೀಲದ ಪಟ್ಟಿಯಲ್ಲಿತ್ತು, ಅವಳ ಲಂಗದ ಅಂಚಿನಲ್ಲಿತ್ತು, ಮದುವೆಗೆ ಮುಂಚೆ ಅವಳು ತೊಟ್ಟ ಪ್ರತಿಯೊಂದು ಬಟ್ಟೆಯಲ್ಲೂ ಎಲ್ಲಾದರೊಂದು ಕಡೆ ಇತ್ತು. ಅಕ್ಕ ಎಡಗೈಯವಳು. ಅಮ್ಮ ಎಷ್ಟು ಬೈದರೂ, ಕೈಗೆ ಅಳತೆ ಕೋಲಿನಿಂದ ಕೊಟ್ಟರೂ ಸೂಜಿ ಅವಳ ಬಲಗೈಗೆ ಹೋಗಲಿಲ್ಲ. ಆ ಅಕ್ಕ ಈಗ ಅದೇ ಆಸ್ಪತ್ರೆಯಲ್ಲಿ ಆಯಾ. ಹಾಸಿಗೆ ಬದಲಾಯಿಸುವುದು, ಮಲಮೂತ್ರದ ಪಾತ್ರೆ ತೊಳೆಯುವುದು, ಸ್ಟ್ರೆಚರಿಗೆ ಕೈ ಕೊಡುವುದು. ಡಾಕ್ಟರಿಗೂ ನರ್ಸಿಗೂ ಒಳ್ಳೆಯ ಮಾಸ್ಕು ಸಿಗುತ್ತದೆ, ಪಾಪ ಕಸ ಗುಡಿಸುವವರಿಗೆ, ಆಯಾಗಳಿಗೆ ಯಾರು ಕೊಡುತ್ತಾರೆ ಎಂದು ಪ್ರಿನ್ಸಿಪಾಲರು ಮನೆಮನೆಯ ಬಾಗಿಲು ತಟ್ಟಿ ಈ ಗುಂಪನ್ನು ಕೂಡಿಸಿದಾಗ, ಅವಳು ಎಲ್ಲರಿಗಿಂತ ಮೊದಲು ತನ್ನ ಯಂತ್ರವನ್ನು ಇಲ್ಲಿಗೆ ಸಾಗಿಸಿದ್ದು ಅದಕ್ಕೇ. ಆದರೆ ಅಕ್ಕ ಆಯಾ ಎಂಬುದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅಕ್ಕ ಎಂಬುವಳು ಇದ್ದಾಳೆ ಎಂಬುದೇ ಗೊತ್ತಿರಲಿಲ್ಲ. ಕಾಯಿಲೆ ಹಬ್ಬಿದ ಮೇಲೆ ವಾರ್ಡಿನವರನ್ನು ಹೊರಗೆ ಬಿಡುತ್ತಿಲ್ಲ, ಹಿಂದಿನ ಕಟ್ಟಡದಲ್ಲೇ ಮಲಗಿಸುತ್ತಾರೆ. ಅವಳು ಬಚ್ಚಲ ಬಾಗಿಲು ಹಾಕಿಕೊಂಡು, ನಲ್ಲಿ ತಿರುಗಿಸಿ ಬಿಟ್ಟು ಫೋನು ಮಾಡಿದಾಗಲೆಲ್ಲ ಅಕ್ಕನ ಫೋನು ಆಫ್ ಆಗಿರುತ್ತಿತ್ತು. ಆಸ್ಪತ್ರೆಯ ಆಫೀಸಿಗೆ ಕೇಳಬಹುದಿತ್ತು. ಕೇಳಿದರೆ, ನೀವು ಯಾರು ಎನ್ನುತ್ತಾರೆ. ಹಾಗಾಗಿ ವಾರಕ್ಕೊಮ್ಮೆ ಮೂಟೆ ಬಂದಾಗ ಎದುರು ವಾಲಿದ ಹೊಲಿಗೆ ಹುಡುಕುವುದು, ಸಿಕ್ಕರೆ ಅಕ್ಕ ಇದ್ದಾಳೆ ಎಂದುಕೊಳ್ಳುವುದು. ಅಷ್ಟು ಗೊತ್ತಾದರೆ ಸಾಕು ಎಂದುಕೊಳ್ಳುತ್ತಿದ್ದಳು, ಸಾಲದೆಂದೂ ಅವಳಿಗೆ ತಿಳಿದಿತ್ತು.

ನಾಲಗೆ ಜಾರಿದ್ದು ಈ ಬಡಾವಣೆಗೆ ಬಂದ ಹೊಸತರಲ್ಲಿ. ಬ್ಯಾಂಕಿನಾಕೆಯ ಮನೆಯಲ್ಲಿ ಚಹಾ. ಆಕೆ ಬ್ಯಾಂಕಿನಿಂದ ನಿವೃತ್ತಳಾಗಿ ಎಷ್ಟೋ ಕಾಲವಾಗಿದ್ದರೂ ಎಲ್ಲರಿಗೂ ಬ್ಯಾಂಕಿನಾಕೆಯೇ. ಈಗಲೂ ಮಾಸ್ಕುಗಳನ್ನು ತಟ್ಟಿ ಸರಿಮಾಡಿ ನೋಟಿನ ಕಂತೆಯ ಹಾಗೆ ರಬ್ಬರ್ ಬ್ಯಾಂಡ್ ಹಾಕುತ್ತಾಳೆ. ಅವತ್ತು ಆಕೆ ತನ್ನ ಅತ್ತೆಯನ್ನು ಆಸ್ಪತ್ರೆಯಲ್ಲಿ ನೋಡಿಕೊಂಡ ಆಯಾ ಒಬ್ಬಳ ಕಥೆ ಹೇಳಿ, ಆ ಹೆಂಗಸಿನ ನಡಿಗೆಯನ್ನು, ಮೂಗೊರೆಸಿಕೊಳ್ಳುವುದನ್ನು ನಟಿಸಿ ತೋರಿಸಿದಳು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆಮೇಲೆ ಬ್ಯಾಂಕಿನಾಕೆ ಕಣ್ಣೊರೆಸಿಕೊಳ್ಳುತ್ತ ಅವಳ ಕಡೆ ತಿರುಗಿ, 'ನಿಮ್ಮ ತವರಲ್ಲಿ ಯಾರ್ಯಾರಿದಾರೆ?' ಎಂದಳು. 'ಅಪ್ಪ ಅಮ್ಮ ಇಲ್ಲ. ನಾನೊಬ್ಳೇ' ಎಂದಳು ಅವಳು. ಎಷ್ಟು ಸಲೀಸಾಗಿ ಬಂತು ಅದು! ಮಾತು ಆಡಿದ ಮೇಲೆ ಬಾಯಿ ಒಣಗಬೇಕಿತ್ತು, ಒಣಗಲಿಲ್ಲ. ಬಿಸ್ಕತ್ತನ್ನು ಚಹಾಕ್ಕೆ ಅದ್ದಿ ತಿಂದಳು. ಮನೆಗೆ ಬಂದು ಗಂಡನಿಗೆ ಹೇಳಿದರೆ ಅವನು ಪೇಪರಿನಿಂದ ತಲೆ ಎತ್ತದೆ, 'ಹೇಳಿಯಾಯ್ತಲ್ಲ, ಇನ್ನು ಅದನ್ನೇ ನಡೆಸ್ಕೊಂಡು ಹೋಗು' ಎಂದ. ನಡೆಸಿಕೊಂಡು ಹೋಗುವುದಕ್ಕೆ ಏನೂ ಕಷ್ಟವಾಗಲಿಲ್ಲ, ಅಕ್ಕ ಮನೆಗೆ ಬರುವ ಆ ಮಧ್ಯಾಹ್ನದ ತನಕ.

ಅಕ್ಕ ಡ್ಯೂಟಿ ಮುಗಿಸಿ ನೆಟ್ಟಗೆ ಬಂದಿದ್ದಳು. ಆಸ್ಪತ್ರೆಯ ನೀಲಿ ಕೋಟು, ಗೊತ್ತಿಲ್ಲದವರಿಗೆ ಟೈಲರ್ ಅಂಗಡಿಯದೆನ್ನಿಸುವಂಥದ್ದು, ಕೈಯಲ್ಲೊಂದು ಬಟ್ಟೆಯ ಚೀಲ. ನಡುಮನೆಯಲ್ಲಿ ಬ್ಯಾಂಕಿನಾಕೆ ಕುಳಿತಿದ್ದಳು. ಬಾಗಿಲು ತೆಗೆದ ಕೈಯನ್ನು ಬಾಗಿಲಿನಿಂದ ತೆಗೆಯದೆಯೇ ಅವಳು ಹಿಂದೆ ತಿರುಗಿ, 'ಬಟ್ಟೆ ಹೊಲಿಯೋವ್ರು. ಅಳತೆ ತಗೊಳ್ಳೋಕೆ ಬಂದಿದಾರೆ' ಎಂದುಬಿಟ್ಟಳು. ಅಕ್ಕನ ಕಣ್ಣು ಒಂದೇ ಒಂದು ಗಳಿಗೆ ಅವಳ ಮೇಲೆ ನಿಂತಿತು. ಆಮೇಲೆ ಅಕ್ಕ ಚಪ್ಪಲಿ ಬಿಟ್ಟು ಒಳಗೆ ಬಂದು, ಯಂತ್ರದ ಮೇಲೆ ಬಿದ್ದಿದ್ದ ಟೇಪನ್ನು ತೆಗೆದು ಕೊರಳಿಗೆ ಹಾಕಿಕೊಂಡು, 'ಹಿಂದೆ ತಿರುಗಿ ಅಮ್ಮ' ಎಂದಳು. ಅಮ್ಮ ಎಂದಳು! ತೊಟ್ಟಿಲಲ್ಲಿ ತಾನೇ ತೂಗಿದ ತಂಗಿಗೆ. ಅವಳು ತಿರುಗಿದಳು. ಅಕ್ಕ ಭುಜ ಅಳೆದಳು, ತೋಳು ಅಳೆದಳು, ಎದೆ ಸುತ್ತ ಟೇಪು ತಂದಾಗ ಫಿನಾಯಿಲ್ ವಾಸನೆಯ ತಣ್ಣನೆ ಬೆರಳು ಕತ್ತಿಗೆ ತಾಗಿತು. ಕೆಲಸದವಳ ಹಾಗೆ ಅಳತೆಯನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು, ತಪ್ಪಾಗಿ ಅಲ್ಲ, ಸರಿಯಾಗಿಯೇ. ಅಷ್ಟಕ್ಕೆ ಬಿಡಬಹುದಿತ್ತು. ಅಕ್ಕ ಅವಳನ್ನು ತನ್ನ ಕಡೆಗೆ ತಿರುಗಿಸಿಕೊಂಡು ಟೇಪನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಗೆ, ಬಾಯಿಯ ಮೇಲೆ ಹಾಯಿಸಿ ಹಿಡಿದಳು. ಮೂಗಿನ ಗೆಣ್ಣಿನಿಂದ ಗಲ್ಲದ ತಳಕ್ಕೂ ಹಿಡಿದಳು. 'ಇದೇನ್ರೀ, ಮುಖಕ್ಕೂ ಅಳತೆನಾ?' ಎಂದು ಬ್ಯಾಂಕಿನಾಕೆ ನಕ್ಕಳು. 'ಟೋಪಿಗೆ ಅಮ್ಮ. ಚಳೀಲಿ ಬಾಯಿ ಮುಚ್ಕೊಳ್ಳೋ ಥರದ್ದು' ಎಂದಳು ಅಕ್ಕ. ಆಗ ಈ ಕಾಯಿಲೆಯ ಸುದ್ದಿಯೇ ಇರಲಿಲ್ಲ, ಮಾಸ್ಕು ಎಂದರೆ ಡಾಕ್ಟರು ಆಪರೇಷನ್ನಿಗೆ ಹಾಕಿಕೊಳ್ಳುವುದು ಎಂದಷ್ಟೇ ಜನಕ್ಕೆ ಗೊತ್ತಿದ್ದ ಕಾಲ. ಈಗ ಅದನ್ನು ನೆನೆದಾಗಲೆಲ್ಲ ಅವಳಿಗೆ ಮೈ ಜುಮ್ಮೆನ್ನುತ್ತದೆ. ಟೇಪು ತುಟಿಯ ಮೇಲೆ ಬೇಕಾದ್ದಕ್ಕಿಂತ ಒಂದು ಚೂರು ಬಿಗಿಯಾಗಿತ್ತು, ಬೇಕಾದ್ದಕ್ಕಿಂತ ಒಂದು ಚೂರು ಹೊತ್ತು ಇತ್ತು. 'ನಂಗೂ ಒಂದು ಹೊಲಿದು ಕೊಡ್ತೀರಾ?' ಎಂದು ಬ್ಯಾಂಕಿನಾಕೆ ಕೇಳಿದಾಗ ಅಕ್ಕ, 'ಟೈಮಿಲ್ಲ ಅಮ್ಮ' ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದಳು. ಚೀಲ ಯಂತ್ರದ ಪಕ್ಕದಲ್ಲೇ ಉಳಿದಿತ್ತು. ಅದರಲ್ಲಿ ಅಮ್ಮನ ದಿಂಬಿನ ಗವುಸಿತ್ತು.

ಸಣ್ಣ ನೀಲಿ ಹೂವಿನ ಗವುಸು, ಒಗೆದೂ ಒಗೆದೂ ಹೂವೆಲ್ಲ ಬೂದಿ ಬಣ್ಣಕ್ಕೆ ತಿರುಗಿದ್ದು. ಅಕ್ಕ ತಂಗಿ ಇಬ್ಬರಿಗೂ ಅಮ್ಮ ಬಿಟ್ಟುಕೊಟ್ಟ ಅದೊಂದೇ ದಿಂಬು. ಎದುರುಬದುರು ಮಲಗಿ, ಇವಳ ಉಸಿರು ಅವಳಿಗೆ, ಅವಳ ಉಸಿರು ಇವಳಿಗೆ. ಹೊರಗಿನ ಕೋಣೆಯಲ್ಲಿ ಅಪ್ಪನ ದನಿ ಏರಿದಾಗ, ಏನೋ ಗೋಡೆಗೆ ಬಡಿದು ಬಿದ್ದಾಗ ಇವಳಿಗೆ ಅಳು ಬರುತ್ತಿತ್ತು. ಆಗ ಅಕ್ಕನ ಎಡಗೈ ಬಂದು ಬಾಯಿ ಮುಚ್ಚುತ್ತಿತ್ತು. 'ಶ್, ನಾನಿದೀನಿ.' ಅಂಗೈ ಒಳಗೆ ಬೆಚ್ಚಗೆ ಕತ್ತಲು, ಅದರೊಳಗೆ ತನ್ನದೇ ಉಸಿರು ತಿರುಗಿ ತನ್ನ ಮುಖಕ್ಕೇ ಬಡಿಯುವುದು. ಮಾಸ್ಕು ಕಟ್ಟಿಕೊಂಡರೆ ಉಸಿರು ಕಟ್ಟಿದ ಹಾಗಾಗುತ್ತದೆ ಎಂದು ಭವನದಲ್ಲಿ ಎಲ್ಲರೂ ದೂರುತ್ತಿದ್ದರು. ಅವಳಿಗೆ ಮೊದಲ ದಿನದಿಂದಲೂ ಅದು ಪರಿಚಯದ್ದೇ ಅನಿಸಿತ್ತು.

ಒಂದು ಸಲ ಪ್ರಿನ್ಸಿಪಾಲರ ಜತೆ ವ್ಯಾನಿನಲ್ಲಿ ಆಸ್ಪತ್ರೆಯ ಗೇಟಿಗೂ ಹೋಗಿ ಬಂದಿದ್ದಳು. ಹಂಚುವಾಗ ಒಂದು ಫೋಟೋ ಇರಲಿ ಎಂದು ಪ್ರಿನ್ಸಿಪಾಲರ ಆಸೆ. ಆಯಾಗಳು ಸಾಲಾಗಿ ಬಂದರು. ಎಲ್ಲರಿಗೂ ಅದೇ ನೀಲಿ ಕೋಟು, ತಲೆಗೆ ಅದೇ ಬಟ್ಟೆ, ಮುಖಕ್ಕೆ ಭವನದಲ್ಲಿ ಹೊಲಿದ ಅದೇ ಮಾಸ್ಕು. ಕಣ್ಣು ಮಾತ್ರ ಕಾಣುತ್ತಿತ್ತು. ಕಣ್ಣು ನೋಡಿದರೆ ಗೊತ್ತಾಗದೇ ಇರುತ್ತದೆಯೇ ಎಂದುಕೊಂಡಿದ್ದಳು. ಮೊದಲನೆಯವಳದು ಅಕ್ಕನ ಕಣ್ಣೇ ಅನಿಸಿತು. ಎರಡನೆಯವಳದೂ ಅನಿಸಿತು. ಮೂರನೆಯವಳು ಹತ್ತಿರ ಬರುವಷ್ಟರಲ್ಲಿ ಆ ಸಾಲಿನಲ್ಲಿದ್ದವರೆಲ್ಲರಿಗೂ ಅಕ್ಕನ ಕಣ್ಣೇ ಇತ್ತು. ಎಲ್ಲ ಕಣ್ಣುಗಳೂ ಒಂದು ಗಳಿಗೆ ಅವಳ ಮೇಲೆ ನಿಂತು ಮುಂದಕ್ಕೆ ಸರಿಯುತ್ತಿದ್ದವು. ಒಬ್ಬಳು ಮಾತ್ರ ಮಾಸ್ಕಿನ ಕಟ್ಟನ್ನು ಎಡಗೈ ಚಾಚಿ ತೆಗೆದುಕೊಂಡಳು. ಪಕ್ಕದಲ್ಲಿ ಪ್ರಿನ್ಸಿಪಾಲರು, ಎದುರಿಗೆ ಮೊಬೈಲು ಹಿಡಿದವರು. 'ಹುಷಾರಾಗಿರಿ' ಎಂದಳು. 'ಆಯ್ತಮ್ಮ' ಎಂದಿತು ಮಾಸ್ಕಿನ ಹಿಂದಿನ ದನಿ. ಬಟ್ಟೆಯೊಳಗಿನಿಂದ ಬಂದ ದನಿ ಯಾರದಾದರೂ ಆಗಬಹುದು. ಇನ್ನೊಂದು ಕೈಯಲ್ಲಿ ಬಕೆಟ್ಟು ಇದ್ದದ್ದರಿಂದ ಆ ಹೆಂಗಸು ಎಡಗೈ ಚಾಚಿರಬಹುದು. ಅದು ಅಕ್ಕನೋ ಅಲ್ಲವೋ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಒಡಹುಟ್ಟಿದವಳ ಗುರುತು ಹತ್ತಲಿಲ್ಲ ಎಂಬ ನಾಚಿಕೆ ಒಂದು ಕಡೆ, ಗುರುತು ಹತ್ತದಿದ್ದದ್ದೇ ಒಳ್ಳೆಯದಾಯಿತು ಎಂಬ ಸಮಾಧಾನ ಇನ್ನೊಂದು ಕಡೆ. ಎರಡನೆಯದಕ್ಕಾಗಿ ಅವಳು ತನ್ನನ್ನು ತಾನೇ ಅಸಹ್ಯಪಟ್ಟುಕೊಂಡಳು. ಫೋಟೋದಲ್ಲಿ ಎಲ್ಲರೂ ಚೆನ್ನಾಗಿ ಬಂದಿದ್ದರು.

ಗವುಸನ್ನು ಕತ್ತರಿಸಿದ್ದು ಅದಾದ ಮೇಲೆ. ಮೂರು ಪದರದ ಮಾಸ್ಕಿನ ನಡುವಿನ ಪದರವಾಗಿ ಅಮ್ಮನ ದಿಂಬಿನ ಬಟ್ಟೆಯನ್ನು ಇಟ್ಟು, ಹೊರಗೆ ಎಲ್ಲದರ ಹಾಗೆ ಬಿಳಿ ಬಟ್ಟೆ ಹಾಕಿ ಹೊಲಿದಳು. ಅಕ್ಕನ ಮುಖ ಅಗಲ, ಅದಕ್ಕೆ ತಕ್ಕಂತೆ ದೊಡ್ಡದಾಗಿ. ಒಳಗಿನ ಮೂಲೆಯಲ್ಲಿ ಕೆಂಪು ದಾರದ ಒಂದು ಗಂಟು ಹಾಕಿದಳು. ಇಬ್ಬರ ಬಟ್ಟೆ ಒಂದೇ ಥರ ಇರುತ್ತಿದ್ದುದರಿಂದ ಅಮ್ಮ ಒಳಗಡೆ ಹಾಗೆ ಗುರುತು ಹಾಕುತ್ತಿದ್ದಳು. ದೊಡ್ಡವಳಿಗೆ ಒಂದು ಕೆಂಪು ಗಂಟು, ಚಿಕ್ಕವಳಿಗೆ ಎರಡು. ಯಾರಿಗೆ ಕೊಡಿ ಎಂದು ಹೇಳದೆ, ಹೆಸರು ಬರೆಯದೆ, ಅಷ್ಟು ಮಾಸ್ಕುಗಳ ನಡುವೆ ಅದೊಂದನ್ನು ತುರುಕಿ ಕಟ್ಟು ಕಟ್ಟಿದಳು. ಹೇಗೆ ತಲುಪುತ್ತದೆ? ತಲುಪುವುದಿಲ್ಲ ಎಂದು ಬುದ್ಧಿ ಹೇಳುತ್ತಿತ್ತು. ಹೇಳಿ ಕಳಿಸಿದರೆ ತಲುಪುತ್ತದೆ, ಆದರೆ ಹೇಳಬೇಕಲ್ಲ. ಯಾರೋ ಕಸ ಗುಡಿಸುವವರು ಅದನ್ನು ಕಟ್ಟಿಕೊಂಡು, ಅವಳ ಅಮ್ಮನ ದಿಂಬಿನ ಮೇಲೆ ಉಸಿರು ಬಿಡುತ್ತ ಕಾರಿಡಾರು ಗುಡಿಸುವುದು ಕಣ್ಣಿಗೆ ಕಟ್ಟಿತು. ರಸ್ತೆಯಲ್ಲಿ ಎದುರು ಬಂದವರ ಮುಖವನ್ನೆಲ್ಲ ಅವಳು ದಿಟ್ಟಿಸತೊಡಗಿದಳು. ಬಿಳಿ ಬಟ್ಟೆಯ ಒಳಗೆ ಬೂದಿ ಹೂವು ಕಂಡ ಹಾಗಾಗಿ, ಔಷಧಿ ಅಂಗಡಿಯ ಸಾಲಿನಲ್ಲಿ ಒಬ್ಬ ಮುದುಕನ ಮುಖಕ್ಕೆ ತೀರ ಹತ್ತಿರ ಹೋಗಿ ಬೈಸಿಕೊಂಡಳು.

ಇವತ್ತಿನ ಮೂಟೆ ದೊಡ್ಡದಿತ್ತು. ಬೆಳಗಿನಿಂದ ಎತ್ತಿ ಎತ್ತಿ ನೋಡುತ್ತಿದ್ದರೂ ಎಲ್ಲ ಕಿತ್ತದ್ದು ಕಿತ್ತ ಹಾಗೇ ಇತ್ತು, ಎದುರು ವಾಲಿದ ಹೊಲಿಗೆ ಒಂದೂ ಸಿಗಲಿಲ್ಲ. ಹಿಂದುಗಡೆ ಯಂತ್ರಗಳು ಗರಗರ ಓಡುತ್ತಿದ್ದವು. ನೆರಿಗೆ ಸಮನಾಗಿಲ್ಲವೆಂದು ಪ್ರಿನ್ಸಿಪಾಲರು ಯಾರನ್ನೋ ಪರೀಕ್ಷೆಯಲ್ಲಿ ಫೇಲು ಮಾಡುತ್ತಿದ್ದರು. ಬಾಗಿಲ ಹೊರಗೆ ಮೆಟ್ಟಿಲ ಮೇಲೆ ವ್ಯಾನಿನ ಡ್ರೈವರು ಚಹಾ ಊದಿ ಊದಿ ಕುಡಿಯುತ್ತಿದ್ದ. ಮೂಟೆಯ ತಳಕ್ಕೆ ಕೈ ಹಾಕಿದಾಗ ಬೆರಳಿಗೆ ಗಂಟೊಂದು ತಾಗಿತು. ತೆಗೆದು ನೋಡಿದರೆ ಅದೇ ಮಾಸ್ಕು. ಒಳಮೂಲೆಯಲ್ಲಿ ಕೆಂಪು ಗಂಟು. ಅದರ ಪಕ್ಕದಲ್ಲಿ, ಅವಳು ಹಾಕದ ಇನ್ನೊಂದು ಕೆಂಪು ಗಂಟು. ಎರಡು ಗಂಟು ಎಂದರೆ ಚಿಕ್ಕವಳದು. ಎರಡೂ ಪಕ್ಕ ಹೊಲಿಗೆ ಬಿಚ್ಚಿ, ಒಳಕ್ಕೆ ಮಡಚಿ, ಒತ್ತೊತ್ತಾಗಿ, ಎದುರು ಕಡೆಗೆ ವಾಲಿಸಿ ಮತ್ತೆ ಹೊಲಿದಿತ್ತು. ಕಡೆಕಡೆಗೆ ಹೊಲಿಗೆ ದೊಡ್ಡದಾಗಿ, ಸೊಟ್ಟಸೊಟ್ಟಗೆ, ಕೈ ಸೋತವರು ಹೊಲಿದ ಹಾಗಿತ್ತು. ಅವಳು ತಾನು ಹಾಕಿಕೊಂಡಿದ್ದ ಮಾಸ್ಕನ್ನು ತೆಗೆದು ಇದನ್ನು ಕಟ್ಟಿಕೊಂಡಳು. ಕಿವಿಯಿಂದ ಕಿವಿಗೆ, ಮೂಗಿನ ಗೆಣ್ಣಿನಿಂದ ಗಲ್ಲದ ತಳಕ್ಕೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಕೂತಿತು. ಬೇಕಾದ್ದಕ್ಕಿಂತ ಒಂದು ಚೂರು ಬಿಗಿ. ಅಂಗೈಯೊಂದು ಬಂದು ಬಾಯಿ ಮುಚ್ಚಿದಂತಾಗಿ, ಒಳಗಿನ ಬೆಚ್ಚಗಿನ ಕತ್ತಲಲ್ಲಿ ಅವಳ ಉಸಿರು ತಿರುಗಿ ಅವಳಿಗೇ ಬಡಿಯಿತು. ಆಸ್ಪತ್ರೆಯ ಫಿನಾಯಿಲಿನ ಕೆಳಗೆ ಇನ್ನೇನೋ ವಾಸನೆ ಇತ್ತು, ತಲೆಗೂದಲಿನದು, ನಿದ್ದೆಯದು. ಕುದಿಸಿದ ಬಟ್ಟೆಯಲ್ಲಿ ಅದು ಉಳಿದಿರಲು ಸಾಧ್ಯವಿಲ್ಲ ಎಂದು ಅವಳಿಗೆ ಗೊತ್ತಿತ್ತು.

'ಏನಪ್ಪಾ, ಈ ಸಲ ರಿಪೇರಿ ಇಷ್ಟೊಂದು?' ಎಂದು ಪ್ರಿನ್ಸಿಪಾಲರು ಬಾಗಿಲ ಕಡೆಗೆ ಕೂಗಿ ಕೇಳಿದರು.

'ಏನ್ಮಾಡೋದು ಮೇಡಂ' ಎಂದ ಡ್ರೈವರು. 'ಅಲ್ಲೇ ಕೂತ್ಕೊಂಡು ಹೊಲ್ದು ಹಾಕ್ತಿದ್ದ ಎಡಗೈಯಮ್ಮ ಮಲಗ್ಬಿಟ್ಟಿದಾಳೆ.'

'ಮಲಗಿದಾಳೆ ಅಂದ್ರೆ?'

'ಅದೇ ಕಾಯಿಲೆ. ಮೊನ್ನೆವರೆಗೂ ಯಾವ ಹಾಸಿಗೆ ಬದಲಾಯಿಸ್ತಿದ್ಲೋ ಈಗ ಅದರ ಮೇಲೇ ಇದಾಳೆ. ಉಸಿರು ಸಾಲ್ತಿಲ್ವಂತೆ. ಅದರಲ್ಲೂ ಒಂದು ಮಾಸ್ಕ್ ಇಟ್ಕೊಂಡು ಏನೋ ಹೊಲೀತಿದ್ಲು, ಬೇಡ ಅಂದ್ರೂ ಕೇಳ್ಲಿಲ್ಲ. ಮುಗಿಸಿ, ಇದನ್ನ ಕುದ್ಸಿ ಮೂಟೆಗೆ ಹಾಕಿ ಅಂದ್ಲಂತೆ.' ಲೋಟ ಕೆಳಗಿಟ್ಟು ಅವನು ಬಾಯಿ ಒರೆಸಿಕೊಂಡ. 'ಮನೆಯವ್ರಿಗೆ ತಿಳಿಸೋಣ ಅಂತ ಆಫೀಸಿನವ್ರು ಕೇಳಿದ್ರೆ, ನಂಗ್ಯಾರೂ ಇಲ್ಲ, ನಾನೊಬ್ಳೇ ಅಂತಾಳೆ. ಒಂದೇ ಹಟ.'

ನಾನೊಬ್ಳೇ. ಅವಳು ಬಾಗಿಲ ಕಡೆಗೆ ತಿರುಗಿದಳು. 'ನಮ್ಮಕ್ಕ' ಎಂದಳು. ಮಾತು ಬಟ್ಟೆಗೆ ತಾಗಿ ಅಲ್ಲೇ ನಿಂತಿತು, ಯಾರೂ ತಿರುಗಲಿಲ್ಲ. ಮಾಸ್ಕನ್ನು ಗಲ್ಲದ ಕೆಳಗೆ ಎಳೆದುಕೊಂಡು, 'ಅವಳು ನಮ್ಮಕ್ಕ!' ಎಂದು ಕಿರುಚಿದಳು. ಯಂತ್ರಗಳು ಒಂದೊಂದಾಗಿ ನಿಂತವು. ಇಷ್ಟು ವರ್ಷ ಹೆದರಿದ್ದು ಈ ಒಂದು ಗಳಿಗೆಗೇ. ಎಲ್ಲರೂ ಏನೆನ್ನುತ್ತಾರೆ, ಮುಖ ಹೇಗೆ ತಿರುವುತ್ತಾರೆ ಎಂದು ಮನಸ್ಸಿನಲ್ಲೇ ನಟಿಸಿ ನಟಿಸಿ ನೋಡಿದ್ದಳು. ಬ್ಯಾಂಕಿನಾಕೆ ಮುಖ ತಿರುವಲಿಲ್ಲ. ಎದ್ದು ಬಂದು ಅವಳ ಭುಜದ ಮೇಲೆ ಮೃದುವಾಗಿ ಕೈ ಇಟ್ಟಳು.

'ಯಾರ್ರೀ, ಅವತ್ತು ನಿಮ್ಮನೇಗೆ ಬಂದಿದ್ರಲ್ಲ, ಬಟ್ಟೆ ಹೊಲಿಯೋವ್ರು, ಅವ್ರಾ? ನಂಗೆ ಚೆನ್ನಾಗಿ ನೆನಪಿದೆ, ಎಡಗೈಲಿ ಟೇಪು ಹಿಡ್ಕೊಂಡಿದ್ರು. ಪಾಪ. ನಿಮ್ಮ ಸ್ವಭಾವಾನೇ ಹೀಗೆ, ಎಲ್ಲರ್ನೂ ಅಕ್ಕ ಅಂತ ಹಚ್ಕೊಂಡ್ಬಿಡ್ತೀರ.'

'ಹಚ್ಕೊಂಡಿದ್ದಲ್ಲ. ಒಡಹುಟ್ಟಿದವಳು. ಒಂದೇ ದಿಂಬಲ್ಲಿ ಮಲಗ್ತಿದ್ವಿ.'

'ಕೂತ್ಕೊಳ್ಳಿ ಮೊದ್ಲು' ಎಂದರು ಪ್ರಿನ್ಸಿಪಾಲರು, ನೀರಿನ ಬಾಟಲಿ ಚಾಚುತ್ತ. 'ಒಬ್ಬಳೇ ಮಗಳು ಅಂತ ನೀವೇ ಹೇಳಿದ್ದಲ್ವಾ? ಆ ವಾಸನೇಲಿ ಬೆಳಗ್ಗೆಯಿಂದ ನಿಂತು ನಿಂತು ತಲೆ ಸುತ್ತಿದೆ ನಿಮಗೆ.'

ಸುತ್ತ ನಿಂತ ಕಣ್ಣುಗಳಲ್ಲೆಲ್ಲ ಕನಿಕರ ತುಂಬಿತ್ತು. ಮಾಸ್ಕುಗಳ ಮೇಲಿನ ಅಷ್ಟು ಕಣ್ಣುಗಳು, ಎಲ್ಲ ಒಂದೇ ಥರ. ಇವರ ಪಾಲಿಗೆ ಅಕ್ಕ ಬಟ್ಟೆ ಹೊಲಿಯುವವಳೇ. ಇನ್ನು ಏನು ಹೇಳಿದರೂ ಅವಳು ಬಟ್ಟೆ ಹೊಲಿಯುವವಳೇ. ತಾನು ಕಟ್ಟಿದ ಸುಳ್ಳು ಎಷ್ಟು ಗಟ್ಟಿಯಾಗಿ ನಿಂತಿದೆ ಎಂದರೆ ಅದರಿಂದ ಹೊರಗೆ ಬರಲು ತನಗೇ ಬಾಗಿಲಿಲ್ಲ ಎಂದು ಅವಳಿಗೆ ಹೊಳೆಯಿತು. ಹೆದರಿಕೆಯಾಯಿತು. ಬ್ಯಾಂಕಿನಾಕೆಯ ಕೈಯನ್ನು ಸರಿಸಿ, ಮಾಸ್ಕು ಮೇಲೆ ಎಳೆದುಕೊಂಡು, ಮೇಜಿನಿಂದ ಮೇಜಿಗೆ ತಡವರಿಸುತ್ತ ಹೊರಗೆ ಬಂದಳು. ಹಿಂದಿನಿಂದ ಯಾರೋ ಕರೆಯುತ್ತಿದ್ದರು. ಡ್ರೈವರು ವ್ಯಾನಿನ ಹಿಂಬಾಗಿಲು ಹಾಕುತ್ತಿದ್ದವನು ಅವಳನ್ನು ನೋಡಿ ನಿಂತ.

'ನಾನೂ ಬರ್ತೀನಿ. ಅವಳನ್ನ ನೋಡ್ಬೇಕು.'

'ಬನ್ನಿ ಅಮ್ಮ, ಅದಕ್ಕೇನು. ಗಾಜಿನ ಆಚೆಯಿಂದ ನೋಡ್ಬಹುದು.' ಅವನು ತಲೆ ಕೆರೆದುಕೊಂಡ. 'ಆದ್ರೆ ಪೇಷೆಂಟು ಹ್ಞೂಂ ಅಂದ್ರೇ ಒಳಗೆ ಬಿಡೋದು. ಯಾರೂ ಇಲ್ಲ ಅಂತ ಕೂತವ್ಳಿಗೆ ಯಾರು ಬಂದಿದಾರೆ ಅಂತ ಹೇಳ್ಸಲಿ?'

ತಂಗಿ ಎಂದರೆ, ನಂಗೆ ತಂಗಿ ಇಲ್ಲ ಎನ್ನುತ್ತಾಳೆ ಅಕ್ಕ. ಸಿಟ್ಟಿನಿಂದಲ್ಲ, ಇವಳ ಮಾತು ಉಳಿಯಲಿ ಎಂದು. ಅವತ್ತು ಬಾಗಿಲಲ್ಲಿ ಉಳಿಸಿದ ಹಾಗೆ. ಅವಳು ವ್ಯಾನಿಗೆ ಹತ್ತಿ ಖಾಲಿ ಮೂಟೆಗಳ ನಡುವೆ ಕುಳಿತಳು. ಹೊಲಿಯುವಾಗ ಹಾಕಿಕೊಂಡ ಟೇಪು ಕೊರಳಲ್ಲೇ ಇತ್ತು.

'ಮುಖದ ಅಳತೆ ಕೊಟ್ಟಿದ್ದವ್ರು ಬಂದಿದಾರೆ ಅಂತ ಹೇಳಿ' ಎಂದಳು. 'ಸರಿಯಾಗಿ ಕೂತಿದೆಯಾ ಅಂತ ಹೊಲಿದವ್ರೇ ನೋಡ್ಬೇಕಂತೆ ಅನ್ನಿ.'